ಅಕ್ಕಿ, ರವೆ, ಅರಿಸಿನ ಕೊಂಬು: ಮೂರರಲ್ಲೂ ಕಂಡ ಕಂದು ಹುಳ ಒಂದೆಯೇ?

ಪ್ರಶ್ನೆ (ಕುಮಟಾ)

ಮಳೆ ಹಿಡಿದಾಗಿನಿಂದ ನಮ್ಮ ಅಡುಗೆಮನೆಯಲ್ಲಿ ಸಣ್ಣ ಕಂದು ಹುಳಗಳ ಕಾಟ ಹೆಚ್ಚಾಗಿದೆ. ಮೊದಲು ಕುಚ್ಚಲಕ್ಕಿಯಲ್ಲಿ, ಆಮೇಲೆ ರವೆಯಲ್ಲಿ, ಈಗ ಅಟ್ಟದ ಮೇಲಿಟ್ಟ ಅರಿಸಿನ ಕೊಂಬಿನಲ್ಲಿ ಕಂಡಿವೆ. ಎಲ್ಲವೂ ಸುಮಾರು 3 ಮಿಲಿಮೀಟರ್ ಉದ್ದವಿರುವುದರಿಂದ, ಅಕ್ಕಿಯಿಂದಲೇ ಉಳಿದ ಡಬ್ಬಗಳಿಗೆ ಹಬ್ಬಿರಬೇಕೆಂದು ಭಾವಿಸಿ ಅಕ್ಕಿಯನ್ನು ಜರಡಿ ಹಿಡಿದು ಸ್ವಚ್ಛಗೊಳಿಸಿದೆ. ಮೂರೇ ವಾರದಲ್ಲಿ ಅವು ಮತ್ತೆ ಬಂದವು. ಅತ್ತೆಯವರು ಎಲ್ಲವನ್ನೂ ಕುಟ್ಟೆ ಹುಳ ಎನ್ನುತ್ತಾರೆ. ಇವು ಒಂದೇ ಜಾತಿಯವೇ? ಗೋದಾಮಿನಲ್ಲಿ ಬಳಸುವ ಮಾತ್ರೆಯನ್ನು ಡಬ್ಬದಲ್ಲಿಡಲು ಪರಿಚಿತರೊಬ್ಬರು ಹೇಳಿದ್ದಾರೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದಾರೆ, ಹಾಗಾಗಿ ಕೇಳುತ್ತಿದ್ದೇನೆ.

ಉತ್ತರ (ಶಿರಸಿ)

ದಯವಿಟ್ಟು ಆ ಮಾತ್ರೆಯನ್ನು ಮನೆಯೊಳಗೆ ತರಲೇಬೇಡಿ. ಅದರಲ್ಲಿರುವ ಅಲ್ಯೂಮಿನಿಯಂ ಫಾಸ್ಫೈಡ್ ಗಾಳಿಯ ತೇವದೊಂದಿಗೆ ವರ್ತಿಸಿ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಮುಚ್ಚಿದ ಮನೆಯಲ್ಲಿ ಅದು ಮಲಗಿದವರ ಪ್ರಾಣವನ್ನೇ ತೆಗೆಯಬಲ್ಲದು.

ಬಣ್ಣ, ಅಳತೆಗಳಿಂದ ಈ ಹುಳಗಳನ್ನು ಗುರುತಿಸಲಾಗದು. ತಲೆ ಮತ್ತು ಎದೆಯ ಭಾಗವನ್ನು ನೋಡಬೇಕು. ಹತ್ತು ಪಟ್ಟು ಹಿಗ್ಗಿಸುವ ಮಸೂರವಿದ್ದರೆ ಸಾಕು. ಮುಖದಿಂದ ಮುಂದಕ್ಕೆ ಸೊಂಡಿಲು ಚಾಚಿದ್ದು, ರೆಕ್ಕೆಯ ಮೇಲೆ ನಾಲ್ಕು ಕೆಂಪು ಮಚ್ಚೆಗಳಿದ್ದರೆ ಅದು ಅಕ್ಕಿಯ ಸೊಂಡಿಲು ಹುಳ. ಹೆಣ್ಣು ಕಾಳಿಗೆ ತೂತು ಕೊರೆದು, ಒಳಗೆ ಮೊಟ್ಟೆಯಿಟ್ಟು, ತೂತಿನ ಬಾಯಿ ಮುಚ್ಚುತ್ತದೆ. ಮರಿ ಕಾಳಿನೊಳಗೇ ಬೆಳೆದು ಸುಮಾರು ಒಂದು ತಿಂಗಳಿಗೆ ಹೊರಬರುತ್ತದೆ. ನೀವು ಜರಡಿ ಹಿಡಿದದ್ದು ಹೊರಗಿದ್ದ ಹುಳಗಳನ್ನು ಮಾತ್ರ. ಆಗ ಕಾಳಿನೊಳಗಿದ್ದವು ಈಗ ಹೊರಬಂದಿವೆ.

ರವೆಯಲ್ಲಿರುವುದು ಬಹುಶಃ ಹಿಟ್ಟಿನ ಕೆಂಪು ಹುಳ. ಅದಕ್ಕೆ ಸೊಂಡಿಲಿಲ್ಲ, ಮೈ ಚಪ್ಪಟೆ. ಇಡಿಯ ಕಾಳನ್ನು ಕೊರೆಯಲಾಗದ ಕಾರಣ ನುಚ್ಚು, ಹಿಟ್ಟುಗಳಲ್ಲೇ ಬದುಕುತ್ತದೆ. ಸಂಖ್ಯೆ ಹೆಚ್ಚಾದರೆ ಹಿಟ್ಟಿಗೆ ಕಟುವಾದ ವಾಸನೆ ಬರುತ್ತದೆ. ಅರಿಸಿನದ ಹುಳದ ಬೆನ್ನು ಉಬ್ಬಿದ್ದು, ತಲೆ ಕೆಳಕ್ಕೆ ಬಾಗಿ ಮೇಲಿನಿಂದ ಕಾಣದಂತಿದ್ದರೆ ಅದು ಸಿಗರೇಟು ಹುಳ. ತಂಬಾಕಿನಿಂದ ಆ ಹೆಸರು ಬಂದರೂ ಅರಿಸಿನ, ಶುಂಠಿ, ಕೊತ್ತಂಬರಿ, ಒಣಮೆಣಸುಗಳನ್ನೂ ಅದು ತಿನ್ನುತ್ತದೆ. ಅಂದಹಾಗೆ, ಒಣ ಅಡಿಕೆಗೆ ಬೀಳುವುದು ಇನ್ನೊಂದು ಜಾತಿ. ಅದರ ಮೈಮೇಲೆ ತಿಳಿ ಮತ್ತು ಗಾಢ ಬಣ್ಣದ ಸಣ್ಣ ರೋಮಗಳ ಮಚ್ಚೆಗಳಿರುತ್ತವೆ.

ಪ್ರಶ್ನೆ ಕೇಳಿದವರು

ಮಾತ್ರೆಯ ವಿಚಾರವನ್ನು ಕೈಬಿಟ್ಟೆ. ಮಗನ ಶಾಲೆಯ ಮಸೂರದಲ್ಲಿ ನೋಡಿದೆ. ಅಕ್ಕಿಯದಕ್ಕೆ ಸೊಂಡಿಲಿದೆ, ಅರಿಸಿನದ್ದು ನೀವು ಹೇಳಿದಂತೆಯೇ ಬಾಗಿದೆ, ಮುಟ್ಟಿದರೆ ಕಾಲು ಮಡಚಿ ಸತ್ತಂತೆ ಬೀಳುತ್ತದೆ. ರವೆಯ ಹುಳ ಮಾತ್ರ ಬಹಳ ತೆಳ್ಳಗಿದ್ದು, ಎದೆಯ ಎರಡೂ ಅಂಚಿನಲ್ಲಿ ಗರಗಸದಂಥ ಹಲ್ಲುಗಳಿವೆ.

ಉತ್ತರ (ಶಿರಸಿ)

ಹಾಗಾದರೆ ನನ್ನ ಊಹೆ ತಪ್ಪು. ಪ್ರತಿ ಅಂಚಿಗೆ ಆರು ಹಲ್ಲುಗಳಿದ್ದರೆ ಅದು ಗರಗಸ ಹಲ್ಲಿನ ಹುಳ. ಅದು ಹಾರುವುದಿಲ್ಲ, ಆದರೆ ಪೊಟ್ಟಣದ ಮಡಿಕೆಯ ಸಂದಿನಲ್ಲೂ ನುಸುಳುತ್ತದೆ. ಒಣದ್ರಾಕ್ಷಿ, ಖರ್ಜೂರಗಳೂ ಅದಕ್ಕೆ ಇಷ್ಟ. ರವೆಯ ಪಕ್ಕದಲ್ಲಿ ತೆರೆದ ಪೊಟ್ಟಣವೇನಾದರೂ ಇದೆಯೇ ನೋಡಿ.

ಪ್ರಶ್ನೆ ಕೇಳಿದವರು

ಯುಗಾದಿಯ ಪಾಯಸಕ್ಕೆ ತಂದು ಉಳಿದಿದ್ದ ದ್ರಾಕ್ಷಿಯ ಪೊಟ್ಟಣ ಅಲ್ಲೇ ಹಿಂದೆ ಬಿದ್ದಿತ್ತು. ಅದರ ತುಂಬ ಇವೇ ಹುಳಗಳು.

ಉತ್ತರ (ಅಂಕೋಲಾ)

ದ್ರಾಕ್ಷಿ, ರವೆಗಳನ್ನು ಬಿಸಾಡಿ, ಕಪಾಟಿನ ಸಂದುಗೊಂದುಗಳನ್ನು ಬ್ರಷ್ಷಿನಿಂದ ಗುಡಿಸಿ ಒರೆಸಿ. ಬಿದ್ದ ಚೂರಿನಲ್ಲೇ ಅವು ಉಳಿದುಕೊಳ್ಳುತ್ತವೆ. ಅಕ್ಕಿಯನ್ನು ಸ್ವಲ್ಪ ಸ್ವಲ್ಪವಾಗಿ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ ಇಟ್ಟರೆ ಕಾಳಿನೊಳಗಿನ ಮರಿಗಳೂ ಸಾಯುತ್ತವೆ. ಹೊರತೆಗೆದ ಮೇಲೆ ಚೀಲ ಹೊರಗಿನ ಬಿಸಿಗೆ ಬರುವವರೆಗೆ ಬಿಚ್ಚಬೇಡಿ. ನಮ್ಮ ಕರಾವಳಿಯ ಗಾಳಿಯಲ್ಲಿ ತಣ್ಣಗಿನ ಅಕ್ಕಿ ಕೂಡಲೇ ಬೆವರುತ್ತದೆ. ತೂತು ಬಿದ್ದ ಅರಿಸಿನ ಕೊಂಬನ್ನು ಉಳಿಸಿಕೊಳ್ಳುವುದು ಬೇಡ. ಮುಂದಿನ ವರ್ಷ ಮೇ ತಿಂಗಳ ಬಿಸಿಲಿನಲ್ಲೇ ಅಕ್ಕಿಯನ್ನು ಒಣಗಿಸಿ, ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಕ್ಕೆ ತುಂಬಿ.