ಡಿಮೆನ್ಶಿಯಾ ಇರುವ ಹಿರಿಯರು ಮನೆಬಿಟ್ಟು ಹೋದರೆ: ಹುಡುಕುವವರಿಗೆ ಎಂತ ಕಲಿಸಬೇಕು?

ಪಾಳೆಟೊಪ್ಪಿ:
ನಮ್ಮ ಪಂಚಾಯತಿನಲ್ಲಿ ಸಿವಿಲ್ ಡಿಫೆನ್ಸ್‌ನವರು, ಆಶಾ ಕಾರ್ಯಕರ್ತೆಯರು, ಆಟೋದವರು ಸೇರಿ 30 ಮಂದಿಗೆ ತರಬೇತಿ ಮಾಡಬೇಕೆಂದುಂಟು. ಡಿಮೆನ್ಶಿಯಾ (ಮರೆವಿನ ಕಾಯಿಲೆ) ಇರುವವರು ಹೊರಟುಹೋದರೆ ಹುಡುಕುವುದು ಹೇಗೆ, ಸಿಕ್ಕಿದ ಮೇಲೆ ಮಾತಾಡಿಸುವುದು ಹೇಗೆ ಎಂಬುದೇ ವಿಷಯ. ಸಮಯ ಮೂರೇ ಗಂಟೆ. ಕಾಯಿಲೆಯ ಬಗ್ಗೆ 60 ಸ್ಲೈಡು ತಯಾರುಂಟು, ಆದರೆ ಅದನ್ನು ನೋಡಿ ಯಾರಿಗೂ ಹುಡುಕಲು ಬರಲಿಕ್ಕಿಲ್ಲ ಅಂತ ಅನುಮಾನ. ನಮ್ಮ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ಗುಡ್ಡೆ, ತೋಟ, ತೋಡುಗಳಿಗೆ ಹೊಂದುವ ಹಾಗೆ ಎಂತೆಲ್ಲ ಸೇರಿಸಬಹುದು?

ತೋಟದಮೂಲೆ:
60 ಸ್ಲೈಡನ್ನು 6 ಮಾಡಿ. ಉಳಿದ ಹೊತ್ತಿಗೆ ಎಲ್ಲರನ್ನೂ ಅಡಿಕೆ ತೋಟಕ್ಕೆ ಇಳಿಸಿ.

ಮುಖ್ಯವಾಗಿ ತಲೆಗೆ ಹೋಗಬೇಕಾದ್ದು: ಹೀಗೆ ಹೊರಟುಹೋದವರಲ್ಲಿ ಹೆಚ್ಚಿನವರು ಕರೆದರೆ ಓಗೊಡುವುದಿಲ್ಲ, ಸಹಾಯಕ್ಕೆ ಕೂಗುವುದೂ ಇಲ್ಲ. ಹೆಸರು ಕೂಗಿ, ಉತ್ತರ ಬಾರದ ಜಾಗವನ್ನು ‘ನೋಡಿ ಆಯಿತು’ ಎಂದು ಬಿಡುವುದೇ ದೊಡ್ಡ ತಪ್ಪು. ದಾರಿ ಇರುವಷ್ಟು ದೂರ ನಡೆದು ಬೇಲಿಗೋ ಬಲ್ಲೆಗೋ (ಪೊದೆಗೋ) ಕಣಿಗೋ (ತೋಟದ ಚರಂಡಿಗೋ) ಸಿಕ್ಕಿಬಿದ್ದಲ್ಲಿ ನಿಲ್ಲುತ್ತಾರೆ, ತಿರುಗಿ ಬರಲು ತೋಚುವುದಿಲ್ಲ. ನಡೆದು ಹೋದವರು ಹೆಚ್ಚಾಗಿ ಒಂದೆರಡು ಕಿಲೋಮೀಟರಿನೊಳಗೆ, ರಸ್ತೆಯಿಂದ ತುಸುವೇ ಬದಿಗೆ ಸಿಗುವುದು ಅದಕ್ಕೇ.

ಅಭ್ಯಾಸಕ್ಕೆ ಒಬ್ಬರನ್ನು ಮಣ್ಣುಬಣ್ಣದ ಬಟ್ಟೆಯಲ್ಲಿ ಕಣಿಯೊಳಗೆ ಕೂರಿಸಿ, ಏನು ಕರೆದರೂ ಮಾತಾಡಬಾರದು ಎನ್ನಿ. ಐದು ಮಂದಿಯ ಸಾಲು, ಒಬ್ಬರಿಂದೊಬ್ಬರಿಗೆ ಎರಡು ಅಡಿಕೆ ಸಾಲಿನ ಅಂತರ, ಎಂದರೆ ಸುಮಾರು ಐದು ಮೀಟರ್. ಹತ್ತು ಹೆಜ್ಜೆಗೊಮ್ಮೆ ನಿಂತು ಹಿಂದೆ ನೋಡಬೇಕು. ಬದುವಿನ ಮರೆಯಲ್ಲಿ ಕೂತವರು ಕಾಣುವುದು ನಾವು ದಾಟಿದ ಮೇಲೆ. ನೋಡಿದ ತುಂಡಿಗೆ ರಿಬ್ಬನ್ ಕಟ್ಟಿ, ಗಂಟೆ ಬರೆಯಿರಿ; ಅವರು ನಡೆಯುತ್ತಲೇ ಇರಬಹುದು, ಆ ತುಂಡನ್ನೇ ಪುನಃ ನೋಡಬೇಕಾಗುತ್ತದೆ.

ಹುಡುಕಾಟ ಮನೆಯೊಳಗಿಂದ ಸುರು: ಅಟ್ಟ, ಮಂಚದಡಿ, ಹಟ್ಟಿ, ನಿಲ್ಲಿಸಿದ ಕಾರು. ಅದೇ ಹೊತ್ತಿಗೆ ಇಬ್ಬರು ನೀರಿನ ಕಡೆ ಹೋಗಲಿ: ಬಾವಿ, ಕೆರೆ, ತೋಡಿನ ಕಟ್ಟ, ನೀರು ನಿಂತ ಕೆಂಪುಕಲ್ಲಿನ ಕೋರೆ. ಸುರಂಗದ (ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದದ್ದು) ಬಾಯಿಯಲ್ಲಿ ಟಾರ್ಚ್ ಹಾಕಿ ಕೆಸರಲ್ಲಿ ಹೆಜ್ಜೆ ಉಂಟಾ ನೋಡಿ, ಒಳಗೆ ಮಾತ್ರ ನುಗ್ಗಬೇಡಿ. ಗಾಳಿ ಕೆಟ್ಟಿರಬಹುದು, ಮಳೆಗಾಲದಲ್ಲಿ ಮಣ್ಣು ಜರಿಯಬಹುದು. ಅದು ಅಗ್ನಿಶಾಮಕದವರ (101) ಕೆಲಸ.

ರಾತ್ರಿಪಾಳಿ:
ಸಿಕ್ಕಿದ ಮೇಲಿನದ್ದು ನಾನು ಹೇಳುತ್ತೇನೆ. ಸೈರನ್, ತಿರುಗುವ ದೀಪ ಬಂದ್. ಮುಂದಿನಿಂದ ಹೋಗಿ, ಒಬ್ಬರೇ ಮಾತಾಡಿ, ಟಾರ್ಚನ್ನು ನೆಲಕ್ಕೆ ಹಿಡಿಯಿರಿ. ಅವರು ಕೂತಿದ್ದರೆ ನೀವೂ ಕೂರಿ. ಒಂದು ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ. ಎರಡೇ ಸೆಕೆಂಡಿಗೆ ಇನ್ನೊಂದು ಕೇಳಿದರೆ ಮೊದಲಿನದ್ದೂ ಹೋಯಿತು.

ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ವಿಷಯ ಭಾಷೆ. ಹೆಚ್ಚಾಗಿ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ, ಮನೆಮಾತು ಕೊನೆಯವರೆಗೆ ಉಳಿಯುತ್ತದೆ. ನಿನ್ನೆಯವರೆಗೆ ಪೇಟೆಯಲ್ಲಿ ಮಲಯಾಳ ಆಡಿದ ಅಜ್ಜಿಗೆ ಇವತ್ತು ಅದು ಅರ್ಥವಾಗದೆ ಹೋಗಬಹುದು. ಹಾಗಾಗಿ ಪ್ರತಿಯೊಬ್ಬರ ಕಿಸೆಯಲ್ಲೂ ಒಂದು ಚೀಟಿ ಇರಲಿ: ತುಳುವಿನಲ್ಲಿ ‘ನೀರ್ ಬೋಡಾ?’, ಮಲಯಾಳದಲ್ಲಿ ‘ವೆಳ್ಳಂ ವೇಣೋ?’, ಹವ್ಯಕದಲ್ಲಿ ‘ಆಸರಿಂಗೆ ಬೇಕೋ?’. ಬ್ಯಾರಿ, ಕೊಂಕಣಿ, ಮರಾಠಿಯದ್ದನ್ನು ಅದೇ ಮನೆಮಾತಿನವರಲ್ಲಿ ಕೇಳಿ ಬರೆಸಿ. ಕಣ್ಣು ಯಾವ ಮಾತಿಗೆ ತಿರುಗುತ್ತದೋ ಅದರಲ್ಲೇ ಮುಂದುವರಿಯಿರಿ. ನೀರು ಕೊಡುವಾಗ ಮೊದಲು ಒಂದು ಗುಟುಕು, ಕೆಮ್ಮಿದರೆ ನಿಲ್ಲಿಸಿ.

‘ತವರಿಗೆ ಹೋಗಬೇಕು’ ಎಂದರೆ ‘ಅಲ್ಲಿ ಯಾರೂ ಇಲ್ಲ’ ಎಂದು ತಿದ್ದಬೇಡಿ. ‘ತವರಲ್ಲಿ ಯಾರೆಲ್ಲ?’ ಎನ್ನಿ, ಜೊತೆಗೇ ಹತ್ತು ಹೆಜ್ಜೆ ನಡೆದು ಮೆಲ್ಲ ದಾರಿ ತಿರುಗಿಸಿ. ತೋಳು ಹಿಡಿದೆಳೆದರೆ ಹೊಡೆಯುತ್ತಾರೆ. ಅದು ಸಿಟ್ಟಲ್ಲ, ಹೆದರಿಕೆ.

ತೊದಲು, ತೂರಾಟ ಕಂಡು ‘ಕುಡಿದಿದ್ದಾರೆ’ ಎಂದು ಬಿಟ್ಟುಬಿಡುವುದುಂಟು. ಗ್ಲುಕೋಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಸಕ್ಕರೆ ಇಳಿದಿದೆ. ಮುಖ ಓರೆಯಾಗಿದ್ದರೆ, ಒಂದು ಕೈ ಏಳದಿದ್ದರೆ ಪಾರ್ಶ್ವವಾಯು. ಇವತ್ತೇ ಒಮ್ಮೆಲೇ ಗಲಿಬಿಲಿ ಹೆಚ್ಚಿದ್ದರೆ ಸೋಂಕೋ ನಿರ್ಜಲೀಕರಣವೋ ಇರಬಹುದು. ಈ ಮೂರಕ್ಕೂ ಮನೆಗಲ್ಲ, ನೇರ ಆಸ್ಪತ್ರೆಗೆ. ಪಾದ ನೋಡಲು ಮರೆಯಬೇಡಿ, ಬರಿಗಾಲಲ್ಲಿ ಮುಳ್ಳು, ಗಾಜು ಹೊಕ್ಕಿದ್ದರೂ ಹೇಳುವುದಿಲ್ಲ.

ಗಡಿಕಲ್ಲು:
24 ಗಂಟೆ ಕಾದು ದೂರು ಕೊಡಬೇಕೆಂಬ ನಿಯಮ ಎಲ್ಲೂ ಇಲ್ಲ. ಮನೆ, ಬಾವಿ ನೋಡಿ ಸಿಗದಿದ್ದರೆ ಕೂಡಲೇ ತುರ್ತು ಸಂಖ್ಯೆ 112ಕ್ಕೆ ಕರೆ. ಆದರೆ ಆ ಕರೆ ಹೋಗುವುದು ಆಯಾ ರಾಜ್ಯದ ನಿಯಂತ್ರಣ ಕೊಠಡಿಗೆ. ಬಸ್ಸು ಹತ್ತಿದರೆ ತಲಪಾಡಿ ಗಡಿ ದಾಟಿ ಮಂಗಳೂರು, ಇಲ್ಲವೇ ಪುತ್ತೂರು, ಎರಡೂ ಕರ್ನಾಟಕ. ಆ ಕಡೆಯ ಠಾಣೆಗೆ ಬೇರೆಯೇ ತಿಳಿಸಬೇಕು. ರೈಲಿಗೆ ಹತ್ತಿದ್ದರೆ ರೈಲ್ವೆ ಸಹಾಯವಾಣಿ 139.

ಬ್ರಿಟನ್ನಿನಲ್ಲಿ ಹರ್ಬರ್ಟ್ ಪ್ರೋಟೊಕಾಲ್ ಅಂತ ಒಂದು ಫಾರಂ ಉಂಟು, ಮನೆಯವರು ಮೊದಲೇ ತುಂಬಿಸಿಡುವುದು. ಆಶಾ ಕಾರ್ಯಕರ್ತೆಯರು ಅಂಥದ್ದೇ ಒಂದು ಪುಟ ಮಾಡಿಸಲಿ: ಹೊಸ ಫೋಟೋ, ಓಗೊಡುವ ಮುದ್ದಿನ ಹೆಸರು, ಮನೆಮಾತು, ಮಾತ್ರೆ, ಹಳೆ ಮನೆ ಮತ್ತು ಹಳೆ ಕೆಲಸದ ಜಾಗ, ಚಪ್ಪಲಿಯ ಅಡಿಯ ಫೋಟೋ. ಹಳೆ ಮನೆ ಕೆಡವಿ ಆಗಿದ್ದರೂ ಬರೆಯಿರಿ. ಪೊಲೀಸ್ ನಾಯಿಗೆಂದು ಅವರ ತಲೆದಿಂಬಿನ ಕವರನ್ನು ಬೇರೆ ಯಾರೂ ಮುಟ್ಟದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ.

ಪಾಳೆಟೊಪ್ಪಿ:
ಬಹಳ ಉಪಕಾರ. ಜೀಪಿಗೆ ಮೈಕ್ ಕಟ್ಟಿ ಹೆಸರು ಕೂಗಿಸುವ ಯೋಚನೆ ಇತ್ತು. ಬೇಡವಾ ಹಾಗಾದರೆ?

ತೋಟದಮೂಲೆ:
ಮೈಕ್ ಬೇಕು, ಊರವರಿಗೆ. ‘ನಿಮ್ಮ ಹಟ್ಟಿ, ಬಾವಿಕಟ್ಟೆ, ಸೌದೆ ಕೊಟ್ಟಿಗೆ ಈಗಲೇ ನೋಡಿ’ ಎಂದು ಹೇಳಿಸಿ. ಹೋದವರ ಹೆಸರು ಕೂಗಿದರೆ ಹೆದರಿ ಅಡಗುವವರೂ ಉಂಟು. ಅರ್ಧ ಗಂಟೆಗೊಮ್ಮೆ ಮೈಕ್, ಗಾಡಿ, ಮಾತು ಎಲ್ಲ ಐದು ನಿಮಿಷ ನಿಲ್ಲಿಸಿ. ನರಳಿಕೆ ಕೇಳಬಹುದು, ನಾಯಿ ಒಂದೇ ದಿಕ್ಕಿನಲ್ಲಿ ಬಿಡದೆ ಬೊಗಳುವುದೂ ಗೊತ್ತಾಗುತ್ತದೆ.