ಮೆತ್ತಗಿರಬೇಕಾದ ಬೀಫ್ ಉಂಡೆ ಪುಟಿಯುತ್ತದೆ, ಪುಟಿಯಬೇಕಾದದ್ದು ಕರಗಿ ಹೋಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿನಿಂದ ಪ್ರತಿ ಭಾನುವಾರ ಒಂದೊಂದು ದೇಶದ ಬೀಫ್ ಉಂಡೆ ಮಾಡಿ ನೋಡುತ್ತಿದ್ದೇನೆ. ಇಟಲಿಯವರ ಪೊಲ್ಪೆಟ್ಟೆ ಟೊಮೆಟೊ ಸಾಸಿನಲ್ಲಿ ಬೆಂದು ಹೇಗೋ ದಡ ಸೇರಿತು. ಆದರೆ ಸ್ವೀಡನ್ನಿನ ಶೊಟ್‌ಬುಲ್ಲರ್ ಮತ್ತು ಇಂಡೊನೇಷ್ಯಾದ ಬಾಕ್ಸೊ ಎರಡೂ ಕೈಕೊಟ್ಟವು. ಅದೂ ಒಂದರ ಗುಣ ಇನ್ನೊಂದಕ್ಕೆ ಅದಲುಬದಲಾದ ಹಾಗೆ.

ಸ್ವೀಡನ್ನಿನದಕ್ಕೆ ಕೊಬ್ಬಿಲ್ಲದ ಕೈಮಾವನ್ನೇ ಆರಿಸಿದೆ, ಅರ್ಧ ಕಿಲೋ. ಮೊದಲೇ ಉಪ್ಪು ಹಾಕಿದೆ. ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ, ಚೆನ್ನಾಗಿ ಹಿಂಡಿ ಸೇರಿಸಿ, ಎಲ್ಲವನ್ನೂ ಹಿಟ್ಟಿನ ಹಾಗೆ ಹತ್ತು ನಿಮಿಷ ನಾದಿದೆ. ಬೆಂದ ಮೇಲೆ ಚಮಚದ ಅಂಚಿನಿಂದ ತುಂಡರಿಸಲು ಹೋದರೆ ಉಂಡೆ ಬಗ್ಗಲೇ ಇಲ್ಲ, ತಟ್ಟೆಯ ಆಚೆಗೆ ಜಾರಿತು. ಒಳಗೆ ಒಣಕಲು, ಬೂದು ಬಣ್ಣ.

ಆ ಪಾಠದಿಂದ ಬಾಕ್ಸೊ ಮಾಡುವಾಗ ಕೈ ಹಗುರ ಮಾಡಿಕೊಂಡೆ. ಮೇಜಿನ ಮೇಲೆ ಅರ್ಧ ಗಂಟೆ ಇದ್ದ ಕೈಮಾಕ್ಕೆ ಮರಗೆಣಸಿನ ಪಿಷ್ಟ ಬೆರೆಸಿ, ಮೇಲೆ ಮೇಲೆ ಕಲಸಿ, ಕೊತಕೊತ ಕುದಿಯುವ ನೀರಿಗೆ ಬಿಟ್ಟೆ. ಐದು ನಿಮಿಷದಲ್ಲಿ ಉಂಡೆಗಳ ಬದಲು ಪುಡಿಪುಡಿಯಾದ ಮಾಂಸ ತೇಲುತ್ತಿತ್ತು. ಬಾಕ್ಸೊ ಹಲ್ಲಿಗೆ ಸಿಕ್ಕಿದರೆ ಪುಟಿಯಬೇಕಂತೆ. ಎರಡೂ ಬೀಫ್, ಎರಡೂ ಉಂಡೆ. ಹಾಗಿದ್ದೂ ನಿಯಮ ಬೇರೆ ಬೇರೆಯೇ? ದಯವಿಟ್ಟು ಕಾರಣ ಸಮೇತ ತಿಳಿಸಿ. ಬರೀ ಅಳತೆ ಸಿಕ್ಕಿದರೆ ಮುಂದಿನ ಭಾನುವಾರ ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ.

ಉತ್ತರ 1

ನೀವು ಕೊಟ್ಟ ವಿವರದಲ್ಲೇ ಉತ್ತರ ಇದೆ. ಶೊಟ್‌ಬುಲ್ಲರ್‌ಗೆ ಮಾಡಿದ್ದನ್ನು ಬಾಕ್ಸೊಗೆ ಮಾಡಬೇಕಿತ್ತು, ಬಾಕ್ಸೊಗೆ ಮಾಡಿದ್ದನ್ನು ಶೊಟ್‌ಬುಲ್ಲರ್‌ಗೆ.

ಮಾಂಸಕ್ಕೆ ಉಪ್ಪು ಬಿದ್ದು, ಮೇಲಿಂದ ತಿಕ್ಕಾಟವೂ ಸಿಕ್ಕಿದರೆ ಮಯೋಸಿನ್ ಎಂಬ ಪ್ರೋಟೀನ್ ಕರಗಿ ಹೊರಗೆ ಬರುತ್ತದೆ. ಕೈಗೆ ಜಿಗುಟು ಹತ್ತುತ್ತದಲ್ಲ, ಅದೇ ಅದು. ಕಾವು ತಗುಲಿದಾಗ ಈ ಅಂಟು ಬಲೆಯ ಹಾಗೆ ಹೆಣೆದುಕೊಂಡು ಬಿಗಿಯುತ್ತದೆ. ಬಲೆ ದಟ್ಟವಾದಷ್ಟೂ ಉಂಡೆ ಪುಟಿಯುತ್ತದೆ, ಸಡಿಲವಾದಷ್ಟೂ ಬಾಯಲ್ಲಿ ಬಿಚ್ಚಿಕೊಳ್ಳುತ್ತದೆ. ಯಾವ ದೇಶದ ಉಂಡೆ ಮಾಡಲು ಹೊರಟರೂ ನಾನು ಮೊದಲು ಕೇಳಿಕೊಳ್ಳುವುದು ಇದೊಂದನ್ನೇ: ಈ ಬಲೆ ನನಗೆ ಬೇಕೋ ಬೇಡವೋ?

ಸ್ವೀಡನ್ನಿನ ಉಂಡೆಗೆ ಬೇಡ. ಹಾಲಿನಲ್ಲಿ ನೆನೆದ ಬ್ರೆಡ್ಡು ಅಲ್ಲಿರುವುದು ಮಾಂಸದ ಎಳೆಗಳ ನಡುವೆ ಕುಳಿತು ಅವು ಒಂದನ್ನೊಂದು ಹಿಡಿದುಕೊಳ್ಳದಂತೆ ತಡೆಯಲು, ಜೊತೆಗೆ ನೀರನ್ನು ಹಿಡಿದಿಡಲು. ನೀವು ಆ ಹಾಲನ್ನೇ ಹಿಂಡಿ ತೆಗೆದಿದ್ದೀರಿ. ಅರ್ಧ ಕಿಲೋ ಕೈಮಾಕ್ಕೆ 50 ಗ್ರಾಂ ಬ್ರೆಡ್ ಪುಡಿ, 120 ಮಿಲಿಲೀಟರ್ ಹಾಲು. ಹಿಂಡಬೇಡಿ, ಗಂಜಿಯ ಹಾಗೆಯೇ ಇರಲಿ. ಅದಕ್ಕೆ ಒಂದು ಮೊಟ್ಟೆ, ಬೆಣ್ಣೆಯಲ್ಲಿ ಮೆತ್ತಗಾಗುವವರೆಗೆ ಬಾಡಿಸಿ ಆರಿಸಿದ ಈರುಳ್ಳಿ, ಉಪ್ಪು, ಬಿಳಿ ಮೆಣಸು, ಚಿಟಿಕೆ ಆಲ್‌ಸ್ಪೈಸ್ ಹಾಕಿ ಮೊದಲು ಇವನ್ನಷ್ಟೇ ಕದಡಿ. ಕೈಮಾ ಕೊನೆಗೆ. ಬೆರಳುಗಳನ್ನು ಬಿಡಿಸಿಕೊಂಡು, ಬೆರೆಯಿತು ಅನ್ನಿಸಿದ ಕ್ಷಣವೇ ಕೈ ತೆಗೆಯಿರಿ. ಕೊಬ್ಬಿಲ್ಲದ ಕೈಮಾವಂತೂ ಇಲ್ಲಿ ಬೇಡವೇ ಬೇಡ. ನೂರಕ್ಕೆ ಇಪ್ಪತ್ತು ಪಾಲು ಕೊಬ್ಬಿರಲಿ. ಅನೇಕರು ಹಂದಿಮಾಂಸ ಬೆರೆಸುವುದೂ ಈ ಕೊಬ್ಬಿಗಾಗಿಯೇ.

ಬಾಕ್ಸೊಗೆ ಆ ಬಲೆ ಬೇಕೇ ಬೇಕು. ಕೊಬ್ಬು ಕಡಿಮೆ ಇರುವ ಮಾಂಸ ಅರ್ಧ ಕಿಲೋ, ಉಪ್ಪು 10 ಗ್ರಾಂ, ಜಜ್ಜಿದ ಮಂಜುಗಡ್ಡೆ 100 ಗ್ರಾಂ, ಪಿಷ್ಟ 60 ಗ್ರಾಂ, ಹುರಿದ ಬೆಳ್ಳುಳ್ಳಿ, ಬಿಳಿ ಮೆಣಸು. ಮಾಂಸವನ್ನು ಫ್ರೀಜರಿನಲ್ಲಿ ಅಂಚು ಗಟ್ಟಿಯಾಗುವಷ್ಟು ಹೊತ್ತು ಇಟ್ಟು, ಮೊದಲು ಉಪ್ಪು ಮತ್ತು ಅರ್ಧ ಮಂಜಿನ ಜೊತೆ ಅರೆಯಿರಿ, ಪಿಷ್ಟ ಆಮೇಲೆ. ಕೆಂಪು ಬಣ್ಣ ತಿಳಿಯಾಗಿ ಗುಲಾಬಿಗೆ ತಿರುಗಿ, ಬಟ್ಟಲು ಮಗುಚಿದರೂ ಮುದ್ದೆ ಬೀಳದಿದ್ದರೆ ಹದ ಬಂದಂತೆ. ಮಂಜುಗಡ್ಡೆ ಬರೀ ನೀರಿಗಾಗಿ ಅಲ್ಲ. ಮಿಕ್ಸಿಯ ಅಲಗಿನ ಬಿಸಿಗೆ ಮುದ್ದೆ ಬೆಚ್ಚಗಾದರೆ ಅಂಟು ಮುರಿದು ನೀರು ಬಿಟ್ಟುಕೊಳ್ಳುತ್ತದೆ. ನಿಮ್ಮ ಕೈಮಾ ಅರ್ಧ ಗಂಟೆ ಮೇಜಿನ ಮೇಲೆ ಇದ್ದಾಗಲೇ ಆಟ ಅರ್ಧ ಸೋತಿತ್ತು. ಉಪ್ಪಿನ ಮಾತನ್ನಂತೂ ನೀವು ಎತ್ತಿಯೇ ಇಲ್ಲ.

ನೀರು ಹಬೆಯಾಡುತ್ತಿರಲಿ, ಕುದಿಯಬಾರದು. ಮುಷ್ಟಿಯಲ್ಲಿ ಮುದ್ದೆ ಹಿಡಿದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿಂದ ಹಿಸುಕಿ, ಹೊರಬಂದ ಉಂಡೆಯನ್ನು ಒದ್ದೆ ಚಮಚದಿಂದ ಕೆರೆದು ನೀರಿಗೆ ಬಿಡಿ. ಮುಳುಗಿ, ಮೇಲೆ ಬಂದು ತೇಲಿದ ಮೇಲೆ ಇನ್ನೂ ಎರಡು ಮೂರು ನಿಮಿಷ. ಆಮೇಲೆ ತಣ್ಣೀರಿಗೆ. ಎರಡೂ ಬಗೆಗೆ ಒಂದು ಮಾತು: ಕೈಮಾ ಒಳಗಿನವರೆಗೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಥರ್ಮಾಮೀಟರ್ ಇದ್ದರೆ ಚುಚ್ಚಿ ನೋಡಿ, ಬಣ್ಣ ನೋಡಿ ನಂಬಬೇಡಿ.

ಈ ಅಂಟಿನ ವಿದ್ಯೆಯ ತುತ್ತತುದಿ ನೋಡಬೇಕೆಂದರೆ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಚಾವೊಶಾನ್ ಪ್ರದೇಶದ ಬೀಫ್ ಉಂಡೆ ನೋಡಿ. ಅಲ್ಲಿ ಮಾಂಸವನ್ನು ಅರೆಯುವುದಿಲ್ಲ. ಎರಡೂ ಕೈಯಲ್ಲಿ ಕಬ್ಬಿಣದ ಸಲಾಕೆ ಹಿಡಿದು, ಹಿಂಗಾಲಿನ ಮಾಂಸವನ್ನು ಹಲಗೆಯ ಮೇಲೆ ಬಡಿದು ಬಡಿದೇ ಮುದ್ದೆ ಮಾಡುತ್ತಾರೆ. ಅಲಗು ಎಳೆಗಳನ್ನು ಕತ್ತರಿಸಿಬಿಡುತ್ತದೆ, ಸಲಾಕೆ ಜಜ್ಜಿ ಬಿಡಿಸುತ್ತದೆ.

ಉತ್ತರ 2

ಮೇಲಿನ ವಿವರಣೆ ಸೊಗಸಾಗಿದೆ, ಆದರೆ ‘ಮೆತ್ತಗಿರಬೇಕಾದರೆ ನಾದಬೇಡಿ’ ಎಂದು ಗಂಟು ಹಾಕಿಕೊಳ್ಳಬೇಡಿ. ಟರ್ಕಿಯ ಕೊಫ್ತೆ ಮಾಡುವವರು ಚೆನ್ನಾಗಿಯೇ ನಾದುತ್ತಾರೆ. ಆ ಹೆಸರಿನ ಮೂಲವೇ ಪರ್ಷಿಯನ್ ಭಾಷೆಯ ‘ಕೂಫ್ತನ್’, ಎಂದರೆ ಕುಟ್ಟುವುದು. ನಾದಿದರೂ ಅದು ರಬ್ಬರಾಗುವುದಿಲ್ಲ. ಕೊಬ್ಬು, ಹಳೆಯ ಬ್ರೆಡ್ಡು, ಈರುಳ್ಳಿ ಮೂರೂ ಸೇರಿ ಕಾಯುತ್ತವೆ. ನಾನು ಈರುಳ್ಳಿ ತುರಿದು, ರಸ ಹಿಂಡಿ, ತಿರುಳನ್ನಷ್ಟೇ ಹಾಕುತ್ತೇನೆ. ನಾದಿದ ಮುದ್ದೆಯನ್ನು ಎರಡು ಗಂಟೆಯಾದರೂ ಫ್ರಿಜ್ಜಿನಲ್ಲಿ ಇಡುತ್ತೇನೆ. ಇನೆಗೋಲ್ ಊರಿನ ಕೊಫ್ತೆಗೆ ಅಡುಗೆ ಸೋಡವನ್ನೂ ಹಾಕುತ್ತಾರೆ, ಮಸಾಲೆಯ ಗೋಜಿಗೇ ಹೆಚ್ಚು ಹೋಗುವುದಿಲ್ಲ.

ನಿಮ್ಮ ಮುಂದಿನ ಭಾನುವಾರಕ್ಕೆ ಇಜ್ಮಿರ್ ಕೊಫ್ತೆ ಮಾಡಿ. ಜೀರಿಗೆ ಹಾಕಿ, ಬೆರಳಿನಷ್ಟು ಉದ್ದಕ್ಕೆ ಹೊಸೆದು, ಸ್ವಲ್ಪ ಹುರಿದು, ಆಲೂಗೆಡ್ಡೆಯ ಹೋಳುಗಳ ಜೊತೆ ಟೊಮೆಟೊ ಸಾಸಿನಲ್ಲಿ ಓವನ್ನಿಗೆ ಇಡುವುದು. ಗ್ರೀಸಿನಲ್ಲಿ ಇದರ ಒಡಹುಟ್ಟು ಸುಜುಕಾಕಿಯ, ‘ಸ್ಮಿರ್ನಾದ್ದು’ ಎಂದೇ ಹೆಸರು. ಇಜ್ಮಿರ್‌ನ ಹಳೆಯ ಹೆಸರು ಸ್ಮಿರ್ನಾ. 1922ರಲ್ಲಿ ಆ ಊರು ಬಿಟ್ಟು ಓಡಿದ ಗ್ರೀಕರು ಹೊತ್ತು ತಂದ ರುಚಿ ಅದು. ಗ್ರೀಕರು ಸಾಸಿಗೆ ವೈನ್ ಸೇರಿಸುತ್ತಾರೆ. ಎರಡನ್ನೂ ಮಾಡಿ ಅಕ್ಕಪಕ್ಕ ಇಟ್ಟು ತಿಂದಾಗ ನನಗೆ ಬಹಳ ಹೊತ್ತು ಮಾತು ಹೊರಡಲಿಲ್ಲ.

ನಿಮ್ಮ ಸ್ವೀಡನ್ನಿನ ಉಂಡೆಗೂ ಈ ಕಡೆಯ ನಂಟಿದೆ ಎನ್ನುತ್ತಾರೆ. 1709ರಲ್ಲಿ ಪೊಲ್ತಾವಾ ಯುದ್ಧದಲ್ಲಿ ಸೋತ ಸ್ವೀಡನ್ನಿನ ಹನ್ನೆರಡನೆಯ ಚಾರ್ಲ್ಸ್ ದೊರೆ 1714ರವರೆಗೆ ಒಟ್ಟೊಮನ್ ನೆಲದಲ್ಲಿ ಉಳಿದಿದ್ದ. ನಮ್ಮ ಉಂಡೆಯ ಪಾಕವನ್ನು ಅವನೇ ತಂದದ್ದು ಎಂದು ಸ್ವೀಡನ್ ದೇಶದ ಅಧಿಕೃತ ಟ್ವಿಟರ್ ಖಾತೆಯೇ 2018ರಲ್ಲಿ ಬರೆದುಕೊಂಡಿತ್ತು.

ಉತ್ತರ 3

ಬ್ರೆಡ್ಡೂ ಬೇಡ, ಹಾಲೂ ಬೇಡ ಎನ್ನುವವರಿಗೆ ಮೆಕ್ಸಿಕೋದ ಅಲ್ಬೊಂಡಿಗಾಸ್ ಇದೆ. ಕೈಮಾಕ್ಕೆ ಹಸಿ ಅಕ್ಕಿಯನ್ನೇ ಸೇರಿಸಿ, ಹೆಚ್ಚಿದ ಪುದೀನ ಹಾಕಿ ಉಂಡೆ ಕಟ್ಟಿ, ಹುರಿಯದೆ ನೇರವಾಗಿ ಟೊಮೆಟೊ ಸಾರಿಗೆ ಬಿಡುವುದು. ಬೇಯುವಾಗ ಮಾಂಸ ಬಿಡುವ ರಸವನ್ನೆಲ್ಲ ಅಕ್ಕಿ ಕುಡಿದು ಊದಿಕೊಳ್ಳುತ್ತದೆ, ಉಂಡೆ ಒಳಗಿನಿಂದಲೇ ಸಡಿಲವಾಗುತ್ತದೆ. ಮುಕ್ಕಾಲು ಗಂಟೆ ಸಣ್ಣ ಉರಿ. ಸಾರಿಗೆ ಒಂದು ಚಿಪೋಟ್ಲೆ ಮೆಣಸಿನಕಾಯಿ ಬಿದ್ದರೆ ಹೊಗೆಯ ಘಮ ಬರುತ್ತದೆ.

ಈ ಹೆಸರು ಸ್ಪೇನಿನ ಮೂಲಕ ಅರಬ್ಬಿಯಿಂದ ಬಂದದ್ದು. ‘ಅಲ್ ಬುಂದುಕ’ ಎಂದರೆ ಹೇಜಲ್ ಕಾಯಿ. ನಾನು ಕಟ್ಟುವ ಉಂಡೆಗಳು ಅದಕ್ಕಿಂತ ಬಹಳ ದೊಡ್ಡವು, ಹೆಸರು ಕೇಳಿ ಅಳತೆ ಇಳಿಸಬೇಡಿ.

ಯಾವ ಬಗೆಯೇ ಆಗಲಿ, ಎಲ್ಲ ಉಂಡೆ ಕಟ್ಟುವ ಮೊದಲು ನೆಲ್ಲಿಕಾಯಿ ಗಾತ್ರದ ಒಂದನ್ನು ಬೇಯಿಸಿ ತಿಂದು ನೋಡಿ. ಉಪ್ಪು ಸರಿಪಡಿಸಲು ಅದೊಂದೇ ಅವಕಾಶ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ಈ ವಾರ ಎರಡನ್ನೂ ಮತ್ತೆ ಮಾಡಿದೆ.

ಶೊಟ್‌ಬುಲ್ಲರ್‌ಗೆ ಬ್ರೆಡ್ಡನ್ನು ಹಿಂಡಲಿಲ್ಲ. ಮಿಶ್ರಣ ಎಷ್ಟು ತೆಳುವಾಯಿತೆಂದರೆ ಉಂಡೆ ನಿಲ್ಲುವುದೇ ಇಲ್ಲವೆಂದು ಗಾಬರಿಯಾಯಿತು. ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇಟ್ಟು, ಕೈ ಒದ್ದೆ ಮಾಡಿಕೊಂಡು ಕಟ್ಟಿದೆ. ಬೆಣ್ಣೆ ನೊರೆ ಇಳಿದ ಮೇಲೆ ಬಾಣಲೆಗೆ ಹಾಕಿ, ಬಾಣಲೆಯನ್ನೇ ಅಲ್ಲಾಡಿಸುತ್ತಾ ಉರುಳಿಸಿದೆ. ಒಂದನ್ನು ಚಮಚದಿಂದ ಒತ್ತಿದೆ. ಸುಮ್ಮನೆ ಎರಡಾಯಿತು, ಒಳಗಿನಿಂದ ರಸ ಒಸರಿ ಕೆನೆಯ ಗ್ರೇವಿಗೆ ಸೇರಿತು. ಆ ಚಮಚವನ್ನು ಕೆಳಗಿಡಲು ಮನಸ್ಸಾಗಲಿಲ್ಲ.

ಬಾಕ್ಸೊ ಅರೆಯುವಾಗ ಮಿಕ್ಸಿ ಬಿಸಿಯಾಗತೊಡಗಿದ್ದು ತಿಳಿಯಿತು. ನಿಲ್ಲಿಸಿ, ಜಾರನ್ನೇ ಹತ್ತು ನಿಮಿಷ ಫ್ರೀಜರಿನಲ್ಲಿ ಇಟ್ಟು ಮುಂದುವರಿಸಿದೆ. ಮೊದಲ ಉಂಡೆ ತಳ ಸೇರಿತು. ನಾನು ಪಾತ್ರೆಯ ಮೇಲೆ ಬಗ್ಗಿಕೊಂಡೇ ನಿಂತಿದ್ದೆ. ಮೂರು ನಿಮಿಷದ ಮೇಲೆ ಅದು ಮೆಲ್ಲನೆ ಒಂದು ಸುತ್ತು ತಿರುಗಿ ಮೇಲೆದ್ದಿತು. ಕತ್ತರಿಸಿದಾಗ ಒಳಗೆ ನುಣುಪು, ಕಚ್ಚಿದಾಗ ಪುಟಿಯಿತು. ಸಾರು ತಿಳಿಯಾಗಿಯೇ ಉಳಿದಿತ್ತು.

ಈಗ ಇರಾನಿನ ತಬ್ರೀಜ್ ಕೂಫ್ತೆ ಮಾಡುವ ಆಸೆ ಹತ್ತಿದೆ. ಅಷ್ಟು ದೊಡ್ಡ ಉಂಡೆ ಸಾರಿನಲ್ಲಿ ಸೀಳಿಹೋಗದಂತೆ ಮಾಡುವುದು ಹೇಗೆ?

ಉತ್ತರ 2

ತಬ್ರೀಜ್‌ನದಕ್ಕೆ ನಾದುವುದರಲ್ಲಿ ಕೈ ಹಿಡಿತ ಮಾಡಬೇಡಿ. ಕೈಮಾ, ಬೇಯಿಸಿ ಹಿಸುಕಿದ ಬೇಳೆ, ಅಕ್ಕಿ, ಮೊಟ್ಟೆ, ಸೊಪ್ಪು ಎಲ್ಲ ಒಂದೇ ಜಿಗುಟು ಮುದ್ದೆಯಾಗಬೇಕು. ಬೇಳೆಯಲ್ಲಿ ನೀರು ಉಳಿದರೆ ಸೀಳುವುದು ಖಂಡಿತ, ಚೆನ್ನಾಗಿ ಬಸಿದು ಆರಿಸಿ. ನಡುವೆ ಗುಳಿ ಮಾಡಿ ಹುರಿದ ಈರುಳ್ಳಿ, ಅಕ್ರೋಟು, ಒಣಗಿದ ಪ್ಲಮ್ ಇಟ್ಟು ಮುಚ್ಚಿ, ಒದ್ದೆ ಅಂಗೈಯಿಂದ ಒಂದು ಗೆರೆಯೂ ಕಾಣದಂತೆ ಸವರಿ. ಪಾತ್ರೆ ಅಗಲವಾಗಿರಲಿ, ಉಂಡೆಗಳು ಒಂದಕ್ಕೊಂದು ತಾಗದಿರಲಿ. ಅರಿಶಿನ, ಟೊಮೆಟೊ ಹಾಕಿದ ಸಾರು ಬಿಸಿಯಾಗಿರುವಾಗಲೇ ಇಳಿಸಿ. ಮೇಲ್ಭಾಗ ಸಾರಿನಿಂದ ಹೊರಗೆ ಉಳಿದರೆ ತಿರುಗಿಸಲು ಹೋಗಬೇಡಿ, ಸೌಟಿನಲ್ಲಿ ಸಾರು ಎತ್ತಿ ಅದರ ಮೇಲೆ ಹೊಯ್ಯುತ್ತಾ ಇರಿ. ಮೊದಲ ಕಾಲು ಗಂಟೆ ಮುಚ್ಚಳ ಹಾಕಬೇಡಿ.