ಸ್ವೀಟ್ ಹೋಮ್ 3ಡಿ: 10×12 ಅಡಿ ಕೋಣೆಯನ್ನು 89 ಚದರ ಅಡಿ ಅಂತ ತೋರಿಸುತ್ತಿದೆ, ಎಲ್ಲಿ ತಪ್ಪಾಗಿದೆ?

ಪ್ರಶ್ನೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ನಮ್ಮ ಹಳೇ ಮನೆ ರಿಪೇರಿಗೆ ಬಂದಿದೆ. ಶಹಾಬಾದ್ ಕಲ್ಲಿನ ಗೋಡೆ, ದಪ್ಪ ಒಂದೂವರೆ ಅಡಿ. ನೆಲಕ್ಕೂ ಅದೇ ಕಲ್ಲಿನ ಫರಸಿ. ಅವ್ವನಿಗೆ ಮೊಣಕಾಲು ನೋವು, ರಾತ್ರಿ ಅಂಗಳ ದಾಟಿ ಬಚ್ಚಲಿಗೆ ಹೋಗೋದು ಕಷ್ಟ. ಹಿಂದಿನ ಕೋಣೆಗೇ ಹೊಂದಿಕೊಂಡು ಒಂದು ಬಚ್ಚಲು ಕಟ್ಟಿಸಬೇಕು. ಗೌಂಡಿಗೆ ತೋರಿಸಲು ಸ್ವೀಟ್ ಹೋಮ್ 3ಡಿ ಅನ್ನುವ ಮನೆ ನಕ್ಷೆಯ ಸಾಫ್ಟ್‌ವೇರಿನಲ್ಲಿ ನಾನೇ ನಕ್ಷೆ ಮಾಡುತ್ತಿದ್ದೇನೆ.

ಕೋಣೆಯನ್ನು ಒಳಗಿನಿಂದ ಟೇಪು ಹಿಡಿದು ಅಳೆದೆ. ಸರಿಯಾಗಿ 10 ಅಡಿ, 12 ಅಡಿ. ಅದೇ ಅಳತೆಗೆ ನಾಲ್ಕು ಗೋಡೆ ಎಳೆದು, ದಪ್ಪ 18 ಇಂಚು ಕೊಟ್ಟೆ. ಕೋಣೆಯೊಳಗೆ ಡಬಲ್ ಕ್ಲಿಕ್ ಮಾಡಿದರೆ 89.25 ಚದರ ಅಡಿ ಅನ್ನುತ್ತದೆ. 120 ಬರಬೇಕಲ್ವಾ? ಅವ್ವನ ಮಂಚ ಇಟ್ಟರೆ ಬಾಗಿಲು ತೆರೆಯಲು ಜಾಗವೇ ಇಲ್ಲ. ನಿಜದಲ್ಲಿ ಅಲ್ಲಿ ಆರಾಮಾಗಿ ಓಡಾಡುತ್ತೇವೆ.

ಉತ್ತರ (ಯಾದಗಿರಿ)

ಮೊದಲು ಪ್ರಿಫರೆನ್ಸಸ್‌ನಲ್ಲಿ ಯೂನಿಟ್ ನೋಡಿ. ನನಗೆ ಹೀಗಾದಾಗಲೆಲ್ಲ ಅದೇ ಕಾರಣ. ಇಂಚಿನ ಅಳತೆಯನ್ನು ಸೆಂಟಿಮೀಟರ್ ಅಂತ ತಿಳಿದುಕೊಂಡರೆ ಎಲ್ಲ ಎರಡೂವರೆ ಪಟ್ಟು ಚಿಕ್ಕದಾಗುತ್ತದೆ. ನಕ್ಷೆಯ ಫೋಟೋ ಹಿನ್ನೆಲೆಗೆ ಹಾಕಿದ್ದರೆ ಅದರ ಸ್ಕೇಲನ್ನೂ ನೋಡಿ. ಮೊಬೈಲಿನಲ್ಲಿ ಓರೆಯಾಗಿ ತೆಗೆದ ಫೋಟೋ ಆದರೆ ಅಗಲ ಸರಿಯಾಗಿ ಕೂತರೂ ಉದ್ದ ಕೂರುವುದಿಲ್ಲ.

ಪ್ರಶ್ನೆ ಕೇಳಿದವರು

ನೋಡಿದೆ ಸರ್. ಯೂನಿಟ್ ಅಡಿ-ಇಂಚಿನಲ್ಲೇ ಇದೆ. ಫೋಟೋ ಹಾಕಿಲ್ಲ, ಖಾಲಿ ಹಾಳೆಯ ಮೇಲೆ ಎಳೆದದ್ದು.

ಉತ್ತರ (ಬೀದರ್)

ಅಕ್ಕಾ, ನಿಮ್ಮ 89.25ರಲ್ಲೇ ಉತ್ತರ ಇದೆ. ಎಂಟೂವರೆಯನ್ನು ಹತ್ತೂವರೆಯಿಂದ ಗುಣಿಸಿ ನೋಡಿ, ಅಷ್ಟೇ ಬರುತ್ತದೆ. ಅಂದರೆ ಉದ್ದ, ಅಗಲ ಎರಡರಲ್ಲೂ ಸರಿಯಾಗಿ ಒಂದೂವರೆ ಅಡಿ ಕಡಿಮೆಯಾಗಿದೆ. ಅದು ನಿಮ್ಮ ಗೋಡೆಯ ದಪ್ಪ.

ಈ ಸಾಫ್ಟ್‌ವೇರಿನಲ್ಲಿ ನೀವು ಎಳೆಯುವ ಗೆರೆ ಗೋಡೆಯ ಒಳಮುಖ ಅಲ್ಲ. ಅದು ಗೋಡೆಯ ನಟ್ಟನಡುವೆ ಹೋಗುತ್ತದೆ. ದಪ್ಪ ಕೊಟ್ಟಾಗ ಅರ್ಧ ಆಚೆ, ಅರ್ಧ ಈಚೆ ಬೆಳೆಯುತ್ತದೆ. 18 ಇಂಚಿನ ಗೋಡೆ ಆದರೆ ಒಳಗಡೆ 9 ಇಂಚು ತಿನ್ನುತ್ತದೆ, ಎದುರಿನ ಗೋಡೆ ಇನ್ನೊಂದು 9 ಇಂಚು. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಇದ್ದವರಿಗೆ ಇದು ಗೊತ್ತೇ ಆಗುವುದಿಲ್ಲ, ಹತ್ತಡಿಗೆ ಒಂಬತ್ತಡಿ ಏಳೂವರೆ ಇಂಚು ಬಂದರೆ ಯಾರು ನೋಡುತ್ತಾರೆ? ನಮ್ಮ ಕಡೆಯ ಕಲ್ಲಿನ ಮನೆಗಳಲ್ಲಿ ಮಾತ್ರ ಇದು ಎದ್ದು ಕಾಣುತ್ತದೆ.

ಹೀಗೆ ಮಾಡಿ. ಒಳಗಿನ ಅಳತೆಗೆ ಎರಡೂ ಬದಿಯ ಗೋಡೆಯ ಅರ್ಧರ್ಧ ದಪ್ಪ ಸೇರಿಸಿ. ನಿಮ್ಮ ಕೋಣೆಗೆ ಹನ್ನೊಂದೂವರೆ ಮತ್ತು ಹದಿಮೂರೂವರೆ ಅಡಿ. ಹೊಸ ಬಚ್ಚಲಿಗೆ ಒಂದು ಬದಿ ಹಳೇ 18 ಇಂಚಿನ ಗೋಡೆ, ಇನ್ನೊಂದು ಬದಿ 9 ಇಂಚಿನ ಇಟ್ಟಿಗೆ ಗೋಡೆ ಬಂದರೆ, 9 ಇಂಚು ಮತ್ತು ನಾಲ್ಕೂವರೆ ಇಂಚು ಸೇರಿಸಬೇಕು. ಗೋಡೆ ಎಳೆಯುವಾಗ ಎಂಟರ್ ಒತ್ತಿದರೆ ಉದ್ದ ಬರೆಯುವ ಖಾನೆ ಬರುತ್ತದೆ, ಮೌಸಿನಲ್ಲಿ ಅಂದಾಜು ಎಳೆಯಬೇಡಿ.

ಇನ್ನೊಂದು ಮಾತು, ದಯವಿಟ್ಟು ಬಿಡಬೇಡಿ. ಕೋಣೆಯ ಮೂಲೆಯಿಂದ ಮೂಲೆಗೆ ಓರೆಯಾಗಿ ಟೇಪು ಹಿಡಿಯಿರಿ. 10×12 ಸರಿಯಾದ ಚೌಕಟ್ಟಾಗಿದ್ದರೆ ಎರಡೂ ಓರೆ ಅಳತೆ ಸುಮಾರು 15 ಅಡಿ ಏಳೂವರೆ ಇಂಚು ಬರಬೇಕು. ಹಳೇ ಮನೆಗಳಲ್ಲಿ ಎರಡರಲ್ಲೂ ಒಂದೇ ಅಳತೆ ಬರುವುದು ಕಡಿಮೆ.

ಪ್ರಶ್ನೆ ಕೇಳಿದವರು

ಅಣ್ಣಾ, 120 ಬಂತು! ಎರಡು ದಿನದಿಂದ ಇದನ್ನೇ ಅಳಿಸಿ ಬರೆದು ಸಾಕಾಗಿತ್ತು. ಮಂಚವೂ ಕೂತಿತು.

ನೀವು ಹೇಳಿದ್ದು ನಿಜ. ಒಂದು ಓರೆ 15 ಅಡಿ 9 ಇಂಚು, ಇನ್ನೊಂದು 15 ಅಡಿ 6. ಆದರೆ ಗೋಡೆಯನ್ನು ಸ್ವಲ್ಪ ಓರೆ ಮಾಡಲು ಹೋದರೆ ಅದು ತಾನೇ ನೆಟ್ಟಗಾಗುತ್ತದೆ. ಪಕ್ಕದ ಪಡಸಾಲೆಯಲ್ಲಿ ಡಬಲ್ ಕ್ಲಿಕ್ ಮಾಡಿದರೆ ನೆಲವೇ ತುಂಬುತ್ತಿಲ್ಲ. ಕೋಣೆಗಳ ಹೆಸರುಗಳನ್ನು ನುಡಿ ತಂತ್ರಾಂಶದಲ್ಲಿ ಬರೆದಿಟ್ಟಿದ್ದೆ, ಇಲ್ಲಿಗೆ ತಂದರೆ ಏನೇನೋ ಇಂಗ್ಲಿಷ್ ಅಕ್ಷರ ಬರುತ್ತವೆ. ಮತ್ತೆ ಇದೇ ಸಾಫ್ಟ್‌ವೇರಿನಲ್ಲಿ ಮೇ ತಿಂಗಳ ಮಧ್ಯಾಹ್ನದ ಬಿಸಿಲು ಕೊಟ್ಟು ಮನೆಯ ಫೋಟೋ ಮಾಡಿದೆ, ನೆರಳು ದಕ್ಷಿಣಕ್ಕೆ ಬಿದ್ದಿದೆ. ಇದೂ ದೋಷವಾ?

ಉತ್ತರ (ಬೀದರ್)

ನೆರಳಿನಲ್ಲಿ ದೋಷ ಇಲ್ಲ ಅಕ್ಕಾ. ಕಲಬುರಗಿ ಇರುವುದು ಸುಮಾರು 17.33 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೇ ವಾರದ ಸುಮಾರಿಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿಯುತ್ತಾನೆ, ಆಗಸ್ಟ್ ಶುರುವಿನಲ್ಲಿ ಮತ್ತೆ ದಕ್ಷಿಣಕ್ಕೆ ಬರುತ್ತಾನೆ. ಅಲ್ಲಿಯವರೆಗೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೇ. ನಕ್ಷೆಯ ಮೇಲಿನ ದಿಕ್ಸೂಚಿಯನ್ನು ಡಬಲ್ ಕ್ಲಿಕ್ ಮಾಡಿ ಅಕ್ಷಾಂಶ 17.33 ಮತ್ತು ರೇಖಾಂಶ 76.83 ಇದೆಯಾ, ಉತ್ತರ ದಿಕ್ಕು ನಿಮ್ಮ ಮನೆಗೆ ಸರಿ ಹೊಂದಿದೆಯಾ ಅಂತ ಮಾತ್ರ ನೋಡಿಕೊಳ್ಳಿ. ನಮ್ಮ ಬಿಸಿಲಿಗೆ ಬಚ್ಚಲಿನ ಕಿಟಕಿ ಎಲ್ಲಿಡಬೇಕು ಅನ್ನೋದು ಇದರಿಂದಲೇ ತಿಳಿಯುತ್ತದೆ.

ಗೋಡೆ ನೆಟ್ಟಗಾಗುವುದು ಮ್ಯಾಗ್ನೆಟಿಸಂ ಅನ್ನುವ ಆಯ್ಕೆಯಿಂದ. ವಿಂಡೋಸ್‌ನಲ್ಲಿ ಆಲ್ಟ್ ಒತ್ತಿ ಹಿಡಿದು ಎಳೆಯಿರಿ. ಪಡಸಾಲೆ ತುಂಬದಿದ್ದರೆ ಯಾವುದೋ ಮೂಲೆಯಲ್ಲಿ ಎರಡು ಗೋಡೆ ಕೂಡಿಲ್ಲ. ಚೆನ್ನಾಗಿ ಝೂಮ್ ಮಾಡಿ, ಮೂಲೆಯಲ್ಲಿ ಸಣ್ಣ ಕಚ್ಚು ಕಾಣುತ್ತದೆ. ಗೋಡೆಯ ತುದಿ ಹಿಡಿದು ಇನ್ನೊಂದರ ತುದಿಗೆ ಅಂಟಿಸಿ. ನುಡಿಯ ಹಳೇ ಅಕ್ಷರಗಳು ಯೂನಿಕೋಡ್ (ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತ) ಅಲ್ಲ, ಪರಿವರ್ತಿಸಿ ತನ್ನಿ ಅಥವಾ ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿ.

ಪ್ರಿಂಟ್ ತೆಗೆಯುವಾಗ ಪೇಜ್ ಸೆಟಪ್‌ನಲ್ಲಿ 1/50 ಸ್ಕೇಲ್ ಇಡಿ. ಪ್ರಿಂಟರಿನ 'ಫಿಟ್ ಟು ಪೇಜ್' ತೆಗೆದುಹಾಕಿ. ಕಾಗದದ ಮೇಲೆ 10 ಅಡಿ 6.1 ಸೆಂಟಿಮೀಟರ್ ಇರಬೇಕು, ಸ್ಕೇಲಿಟ್ಟು ನೋಡಿಯೇ ಗೌಂಡಿಗೆ ಕೊಡಿ.

ಒಂದೇ ಒಂದು ಎಚ್ಚರ. ಬಚ್ಚಲಿಗೆ ಬಾಗಿಲು ಬೇಕು ಅಂತ ಹಿಂದಿನ ಗೋಡೆ ಕಡಿಯುತ್ತೀರಿ ಅಲ್ವಾ? ಪರದೆಯ ಮೇಲೆ ಬಾಗಿಲು ಎಳೆದು ಬಿಟ್ಟರೆ ಗೋಡೆ ತಾನೇ ತೆರೆದುಕೊಳ್ಳುತ್ತದೆ. ಮೇಲಿನ ಮಾಳಿಗೆಯ ಭಾರವನ್ನು ಈ ಸಾಫ್ಟ್‌ವೇರ್ ಲೆಕ್ಕ ಹಾಕುವುದಿಲ್ಲ. ಕಡಿಯುವ ಮುಂಚೆ ಇಂಜಿನಿಯರ್ ಒಬ್ಬರು ಮನೆಗೇ ಬಂದು ನೋಡಲಿ.

ಪ್ರಶ್ನೆ ಕೇಳಿದವರು

ಪಡಸಾಲೆಯ ಮೂಲೆ ಸಿಕ್ಕಿತು, ಎರಡು ಇಂಚು ಬಿಟ್ಟುಹೋಗಿತ್ತು. ಪ್ರಿಂಟ್ ತೆಗೆದೆ, ಸ್ಕೇಲಿಟ್ಟು ನೋಡಿದೆ, 6.1 ಇದೆ. ಅವ್ವನಿಗೆ ತೋರಿಸಿದರೆ ಮಂಚದಿಂದ ಬಚ್ಚಲಿನ ಬಾಗಿಲಿಗೆ ಬೆರಳಿಟ್ಟು ಹೆಜ್ಜೆ ಎಣಿಸಿದಳು. ಇಂಜಿನಿಯರ್ ಭಾನುವಾರ ಬರುತ್ತಾರೆ. ಅವರು ಏನು ಹೇಳಿದರು ಅಂತ ಇಲ್ಲೇ ಬರೆಯುತ್ತೇನೆ.